ಕತ್ತಲಲ್ಲಿ ಎಡವದ ಕಮ್ಮಾರ

ಕಮ್ಮಾರ ಎಲ್ಲೂ ಎಡವಲಿಲ್ಲ.

ಮಂಜು ದಾಖಲಾಗಿದ್ದ ಆಟವನ್ನು ಹಿಂದಕ್ಕೆ ತಳ್ಳಿ ಇನ್ನೊಮ್ಮೆ ಓಡಿಸಿದಳು. ಪರದೆಯ ಮೇಲೆ ಒಂದು ನೆಲಮಾಳಿಗೆಯ ನಕ್ಷೆ, ಅದರ ಮೇಲೆ ಕಗ್ಗತ್ತಲು, ಕತ್ತಲಲ್ಲಿ ನಾಲ್ಕು ಕಾಯಿಗಳು. ದೀಪದವಳು ಗೋಡೆಗೆ ಹಣೆ ಚಚ್ಚಿಕೊಂಡಳು. ಸನ್ಯಾಸಿ ಒಂದೇ ಮೂಲೆಯಲ್ಲಿ ಕುರುಡು ಕರುವಿನ ಹಾಗೆ ಸುತ್ತುತ್ತಿದ್ದ. ಕಳ್ಳ ಹೊಂಡಕ್ಕೆ ಬಿದ್ದು ಎದ್ದ. ಕಮ್ಮಾರ ಮಾತ್ರ ಹುಟ್ಟಿ ಬೆಳೆದ ಮನೆಯಲ್ಲಿ ಓಡಾಡುವವನ ಹಾಗೆ ತಿರುವಿನಲ್ಲಿ ತಿರುಗಿ, ಹೊಂಡ ಬಳಸಿ, ಇನ್ನೂ ಯಾರ ಕಣ್ಣಿಗೂ ಬಿದ್ದಿರದ ಗುಪ್ತ ಬಾಗಿಲಿನ ಮುಂದೆ ನೆಟ್ಟಗೆ ಹೋಗಿ ನಿಂತ.

ಅವಳು ಅಲ್ಲಿಗೇ ಆಟ ನಿಲ್ಲಿಸಿದಳು.

ಈ ಆಟ ನಡೆಯುತ್ತಿದ್ದಾಗಲೇ, ಆಟದ ನಕ್ಷೆ ಬರೆಯುವ ನಕ್ಷೆಯಣ್ಣ ಇದೇ ಕಚೇರಿಯ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಸತ್ತಿದ್ದ. ಅವನು ಇಲ್ಲಿ ಒಬ್ಬನೇ ಕೂತು ಆಟ ನಡೆಸುತ್ತಿದ್ದ. ಉಳಿದ ನಾಲ್ವರು ಅವರವರ ಮನೆಯಿಂದ ಆಡುತ್ತಿದ್ದರು. ಕಾಲು ಜಾರಿತೆಂದು ಎಲ್ಲರೂ ಹೇಳಿದರು. ಯಾರೋ ತಳ್ಳಿದ್ದಾರೆಂದು ಹೇಳಿದ್ದು ಇನ್ಸ್‌ಪೆಕ್ಟರಮ್ಮ ಒಬ್ಬಳೇ.

ಅವಳ ಅನುಮಾನದ ಬಾಯಿ ಮುಚ್ಚಿಸಿದ್ದು ಮಂಜು. ಇದೇ ಪರದೆ ತೋರಿಸಿ, "ನೋಡಿ ಮೇಡಂ, ಅಣ್ಣ ಸುಮ್ಮನಾದ ಮೇಲೂ ನಾಲ್ಕೂ ಕಾಯಿ ಓಡಾಡ್ತಾನೇ ಇವೆ. ನಾಲ್ಕೂ ಜನ ಅವರವರ ಮನೇಲಿ ಕಂಪ್ಯೂಟರ್ ಮುಂದೆ ಇದ್ವಿ" ಎಂದಿದ್ದಳು. ಬರೆದುಕೊಟ್ಟು ಸಹಿಯನ್ನೂ ಹಾಕಿದ್ದಳು.

ಆ ಸಹಿ ಈಗ ಸುಳ್ಳಾಗುತ್ತಿತ್ತು.

ಮಂಜು ಅವಳ ನಿಜವಾದ ಹೆಸರಲ್ಲ. ಕಂಪನಿಯವರು, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆಯಾಟ ಆಡುವವರಿಗೆ ಬೇಕಾದ ಸಲಕರಣೆ ಮಾಡುತ್ತಿದ್ದರು. ಪಾತ್ರದ ಹಾಳೆ, ದಾಳ, ರಾಕ್ಷಸರ ಪಟ್ಟಿ, ಎಲ್ಲವೂ ಕಂಪ್ಯೂಟರಿನಲ್ಲಿ. ಈ ವರ್ಷ ಅದಕ್ಕೆ ಪರದೆಯ ಮೇಲಿನ ಮೇಜೊಂದನ್ನೇ ಸೇರಿಸಲು ಹೊರಟಿದ್ದರು. ಯಾರು ಎಲ್ಲೇ ಇರಲಿ, ಎಲ್ಲರ ಪರದೆಯಲ್ಲೂ ಒಂದೇ ನಕ್ಷೆ, ನಕ್ಷೆಯ ಮೇಲೆ ಅವರವರ ಕಾಯಿ. ಕಾಯಿಯ ಕಣ್ಣಿಗೆ ಕಂಡಷ್ಟು ಮಾತ್ರ ಆಡುವವನಿಗೂ ಕಾಣಬೇಕು, ಉಳಿದದ್ದರ ಮೇಲೆ ಮಂಜು ಮುಸುಕಿರಬೇಕು. ಆ ಮುಸುಕನ್ನು ಹೆಣೆಯುವ ಕೆಲಸ ಅವಳದು. ಮಂಜು ಹಾಕುವವಳು ಮಂಜು ಎಂದೇ ಆಗಿಹೋದಳು. ಅವಳ ಕೆಲಸ ಕೆಟ್ಟ ದಿನ "ಮಬ್ಬು".

ಕೆಲಸ ಕೆಟ್ಟೇ ಇತ್ತು. ಅದು ಗೊತ್ತಿದ್ದದ್ದು ಅವಳಿಗೆ ಮಾತ್ರ. ಗಡುವು ಹತ್ತಿರ ಬಂದಾಗ ಅವಳು ಇಡೀ ನಕ್ಷೆಯನ್ನು ಎಲ್ಲರ ಕಂಪ್ಯೂಟರಿಗೂ ಕಳಿಸಿ, ಮೇಲೆ ಕಪ್ಪು ಬಳಿದು ಕೈ ತೊಳೆದುಕೊಂಡಿದ್ದಳು. ಕಸ ಗುಡಿಸುವ ಬದಲು ಅದರ ಮೇಲೆ ಚಾಪೆ ಹಾಸಿದ ಹಾಗೆ. ಚಾಪೆಯ ಅಂಚು ಎತ್ತಲು ಗೊತ್ತಿದ್ದವನಿಗೆ ಇಡೀ ನೆಲಮಾಳಿಗೆ ಹಗಲಿನಷ್ಟು ಸ್ಪಷ್ಟ. ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡಿದ್ದಳು. ಆಫೀಸಿನಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಯಾರೋ ಚಾಪೆ ಎತ್ತಿದ್ದರು. ಬಾಗಿಲು ನೋಡಿಕೊಂಡಿದ್ದರು. ಅಲ್ಲಿಯವರೆಗಿನ ದಾರಿಯನ್ನು ಒಂದೇ ಏಟಿಗೆ ಗುರುತು ಹಾಕಿ, ನಡಿಗೆ ಗುಂಡಿ ಒತ್ತಿ, ಎದ್ದುಹೋಗಿದ್ದರು.

ನಡಿಗೆ ಗುಂಡಿಯೂ ಹೊಸದೇ. ಹೋಗಬೇಕಾದ ಜಾಗ ತೋರಿಸಿದರೆ ಸಾಕು, ಕಾಯಿ ತಾನೇ ಒಂದೊಂದೇ ಹೆಜ್ಜೆ ಇಟ್ಟು ಹೋಗುತ್ತದೆ. ಕೈಯಿಂದ ಆಡಿಸುವವನು ನಿಲ್ಲುತ್ತಾನೆ, ಅನುಮಾನಿಸುತ್ತಾನೆ, ತಪ್ಪು ದಾರಿ ಹಿಡಿದು ವಾಪಸು ಬರುತ್ತಾನೆ, ದಾಳ ಹಾಕುತ್ತಾನೆ, ಬೈಯುತ್ತಾನೆ. ಕಮ್ಮಾರ ಒಂದು ಸಲ ನಿಲ್ಲಲಿಲ್ಲ, ದಾಳ ಹಾಕಲಿಲ್ಲ, ಒಂದು ಮಾತು ಬರೆಯಲಿಲ್ಲ. ಅಷ್ಟು ಹೊತ್ತು ಆ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ರಜೆಯ ದಿನ. ಮಟಮಟ ಮಧ್ಯಾಹ್ನ. ಕಿಟಕಿಯ ಬಿಸಿಲು ಮೇಜಿನ ಮೇಲೆ ಚೆಲ್ಲಿತ್ತು. ಆದರೂ ಅವಳಿಗೆ ಬೆನ್ನ ಹಿಂದೆ ಕತ್ತಲಿದೆ ಅನ್ನಿಸಿತು.

ಕಮ್ಮಾರ ಸಹೋದ್ಯೋಗಿ ಹುಳುಕಪ್ಪನ ಕಾಯಿ. ಆದರೆ ಅವತ್ತು ಅದನ್ನು ಆಡಿಸಿದವನು ಅವನೇ ಎಂದು ಹೇಳುವ ಹಾಗಿರಲಿಲ್ಲ. ಪರೀಕ್ಷೆಯ ಆಟಕ್ಕೆ ಈ ಆಫೀಸಿನಲ್ಲೊಂದು ಪದ್ಧತಿ. ಹಿಂದಿನ ದಿನ ಎಲ್ಲರ ಹೆಸರು, ಪಾಸ್‌ವರ್ಡುಗಳನ್ನು ಚೀಟಿ ಮಾಡಿ ನಕ್ಷೆಯಣ್ಣನ ಟೋಪಿಯಲ್ಲಿ ಹಾಕುವುದು, ಕೈಗೆ ಬಂದವರ ಕಾಯಿಯನ್ನು ಆಡಿಸುವುದು, ಯಾರದು ಯಾರಿಗೆ ಬಂತೆಂದು ಆಟ ಮುಗಿಯುವವರೆಗೂ ಬಾಯಿ ಬಿಡದಿರುವುದು. ಮುಖ ನೋಡಿ ಮಣೆ ಹಾಕಬಾರದು, ಹುಳುಕು ಇದ್ದರೆ ಹೇಳಬೇಕು ಎಂದು ಈ ಏರ್ಪಾಡು. ಮಂಜುವಿಗೆ ಬಂದದ್ದು ಮಾಲೀಕ ದಣಿಯ ಕಾಯಿ, ಕಳ್ಳ. ಹುಳುಕಪ್ಪ, ದಣಿ, ಭಾವ, ಈ ಮೂವರಿಗೆ ಬಂದದ್ದು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ.

ಹುಳುಕಪ್ಪನಿಗೆ ಫೋನ್ ಮಾಡಿದಳು. ತಪ್ಪು ಹುಡುಕುವುದೇ ಅವನ ಸಂಬಳದ ಕೆಲಸ, ಹೆಸರೂ ಅಲ್ಲಿಂದಲೇ ಬಂದದ್ದು.

"ಬೇಗ ಹೇಳು ತಾಯಿ. ಮುಖದ ತುಂಬ ನೊರೆ ಇದೆ, ಕತ್ತಿಗೆ ಕತ್ತಿ ಬಂದಿದೆ."

"ಅವತ್ತು ನಿನಗೆ ಯಾರ ಚೀಟಿ ಬಂದಿತ್ತೋ?"

"ಆಟ ಮುಗಿಯೋವರೆಗೂ ಹೇಳಬಾರದು ಅಲ್ವಾ?"

"ಮುಗೀತು ಕಣೋ. ಆಡಿಸೋನೇ ಹೋದ."

ಕ್ಷೌರದಂಗಡಿಯ ಕತ್ತರಿಯ ಸದ್ದಿನ ನಡುವೆ ಅವನು ದನಿ ತಗ್ಗಿಸಿದ.

"ನಿಂದೇ ಬಂದಿತ್ತು. ದೀಪದವಳು. ನಿನ್ನ ದೀಪದ ಬೆಳಕು ಗೋಡೆ ದಾಟಿ ಸೋರ್ತಿತ್ತು, ಬರ್ಕೋ. ನಾನು ಎರಡು ಸಲ ಗೋಡೆಗೆ ಗುದ್ದಿದೀನಿ."

"ಹಾಗಾದ್ರೆ ನಿನ್ನ ಕಮ್ಮಾರನ್ನ ಆಡಿಸಿದ್ದು?"

"ನನಗೇನು ಗೊತ್ತು? ದಣಿ ಅಂದ್ಕೊಂಡಿದ್ದೆ. ಅಪ್ಪನ ಆಸ್ತಿ ಅನ್ನೋ ಹಾಗೆ ನಡೀತಿದ್ದ ನೋಡು. ಯಾಕೆ?"

"ಏನಿಲ್ಲ."

"ಏನಿಲ್ಲ ಅನ್ನೋರ ದನಿ ಹೀಗಿರಲ್ಲ. ಎಲ್ಲಿದೀಯ?"

"ಆಫೀಸಲ್ಲಿ."

"ಒಬ್ಬಳೇನಾ? ತಲೆ ನೆಟ್ಟಗಿದೆಯಾ ನಿಂಗೆ? ಅಣ್ಣ ಬಿದ್ದ ಜಾಗ ಇನ್ನೂ ಸರಿಯಾಗಿ ತೊಳೆದಿಲ್ಲ. ಎದ್ದು ಮನೆಗೆ ಹೋಗು."

"ಯಾರ ಹತ್ರ ಮಾತು?"

ಈ ಪ್ರಶ್ನೆ ಫೋನಿನಿಂದ ಬಂದದ್ದಲ್ಲ. ಮಂಜು ಫೋನ್ ಕೆಳಗೆ ಹಾಕಿದಳು.

ಗಾಜಿನ ಕೋಣೆಯ ಬಾಗಿಲಲ್ಲಿ ದಣಿ ನಿಂತಿದ್ದ. ಕಂಪನಿ ಅವನದು. ಎದುರಿಗೆ ಸಾರ್, ಬೆನ್ನ ಹಿಂದೆ ದಣಿ. ಅವನು ಒಳಗಿದ್ದದ್ದೇ ಅವಳಿಗೆ ಗೊತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದನೋ.

"ಮನೆಯವರ ಹತ್ರ ಸಾರ್."

"ನಿಮ್ಮ ಮನೇಲಿ ಕಮ್ಮಾರರು ಯಾರೂ ಇಲ್ಲವಲ್ಲ."

ಅವನು ಬಂದು ಅವಳ ಕುರ್ಚಿಯ ಹಿಂದೆ ನಿಂತ. ಪರದೆಯಲ್ಲಿ ಕಮ್ಮಾರ ಇನ್ನೂ ಗುಪ್ತ ಬಾಗಿಲ ಮುಂದೆಯೇ ಇದ್ದ. ನಡಿಗೆ ಗುಂಡಿಯನ್ನು ದಣಿ ಸ್ವತಃ ಕೂತು ಬರೆದಿದ್ದ. "ವರ್ಷಗಳಾದ ಮೇಲೆ ಕೈಯಾರೆ ಕೆಲಸ ಮಾಡಿದೆ" ಎಂದು ವಾರವಿಡೀ ಬೀಗಿದ್ದ. ಗುಂಡಿಯ ಒಳಹೊರಗು ಗೊತ್ತಿದ್ದವನು ಅವನೇ. ಈ ಮಹಡಿಯ ಬೀಗದ ಕೈಯೂ ಅವನ ಹತ್ತಿರವೇ ಇತ್ತು.

ಓಡಬೇಕು ಅನ್ನಿಸಿತು. ಓಡಿದರೆ ಆ ಮೆಟ್ಟಿಲ ಕಡೆಗೇ ಓಡಬೇಕು.

"ಹೇಳು. ಏನು ಸಿಕ್ಕಿದೆ?"

"ಏನಿಲ್ಲ ಸಾರ್."

"ಮಂಜು, ನನಗೆ ಕೋಪ ಬರಿಸಬೇಡ."

ಹೆದರಿದ ಬೆಕ್ಕು ಮೈಮೇಲೇ ಹಾರುತ್ತದಂತೆ. ಮಂಜು ಎದ್ದು ನಿಂತು, ಕುರ್ಚಿಯನ್ನು ಇಬ್ಬರ ನಡುವೆ ಎಳೆದುಕೊಂಡಳು.

"ನೀವು ಅವತ್ತು ಯಾರ ಕಾಯಿ ಆಡಿಸಿದ್ರಿ?"

"ನನ್ನನ್ನ ವಿಚಾರಣೆ ಮಾಡ್ತಿದೀಯಾ?"

"ಕಮ್ಮಾರ ತಾನಾಗೇ ನಡೆದಿದಾನೆ ಸಾರ್. ದಾರಿ ಹಾಕಿ ಯಾರೋ ಎದ್ದು ಹೋಗಿದಾರೆ. ಅದೇ ಹೊತ್ತಲ್ಲಿ ಅಣ್ಣ ಬಿದ್ದಿದಾನೆ. ದಾರಿ ಹಾಕೋ ಗುಂಡಿ ನಿಮ್ದು. ಹುಳುಕಪ್ಪ ದೀಪದವಳು, ನಾನು ಕಳ್ಳ. ನೀವ್ಯಾರು?"

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. 

ದಣಿ ಬೈಯಲಿಲ್ಲ. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಪಕ್ಕದ ಮೇಜನ್ನು ಹಿಡಿದುಕೊಂಡು ಕೂತ.

"ಸನ್ಯಾಸಿ," ಎಂದ. "ನನಗೆ ಸನ್ಯಾಸಿ ಬಂದಿದ್ದ."

"ಸುಳ್ಳು."

"ಅವನು ಏನೇನು ಬರೆದಿದಾನೆ ತೆಗೆದು ನೋಡು."

ಅವನ ಮೇಲೆ ಒಂದು ಕಣ್ಣಿಟ್ಟೇ ಅವಳು ಪರದೆಯ ಬದಿಯ ಮಾತುಕತೆಯನ್ನು ಮೇಲೆ ಸರಿಸಿದಳು. ನಕ್ಷೆಯಣ್ಣ ಸುಮ್ಮನಾದ ಮೇಲೆ, ಕಮ್ಮಾರ ನಡೆಯುತ್ತಿದ್ದ ಹೊತ್ತಿನಲ್ಲೇ, ಸನ್ಯಾಸಿ ಬರೆದಿದ್ದ: "ಈ ಮೂಲೆಯ ಬಾಗಿಲು ಯಾರಪ್ಪ ಮಾಡಿದ್ದು? ಕತ್ತೆ ಒದ್ದರೂ ಇದಕ್ಕಿಂತ ಚೆನ್ನಾಗಿ ತೆರೆಯುತ್ತೆ." ಅದರ ಕೆಳಗೆ: "ಇದನ್ನ ಗಿರಾಕಿಗೆ ತೋರಿಸಿದ್ರೆ ಚಪ್ಪಲಿ ಬರುತ್ತೆ." ಅದರ ಕೆಳಗೆ ಇನ್ನೂ ನಾಲ್ಕಾರು.

ಪ್ರತಿ ಸಭೆಯಲ್ಲೂ ಈ ಕತ್ತೆ ಬರುತ್ತಿತ್ತು, ಈ ಚಪ್ಪಲಿಯೂ ಬರುತ್ತಿತ್ತು. ದಣಿ ಬಿಟ್ಟರೆ ಈ ಭಾಷೆ ಇನ್ನಾರದೂ ಅಲ್ಲ. ಕುರುಡು ಕರುವಿನ ಹಾಗೆ ಮೂಲೆಯಲ್ಲಿ ಸುತ್ತಿದವನೂ ಅವನೇ.

ಕಳ್ಳ ತಾನು. ದೀಪದವಳು ಹುಳುಕಪ್ಪ. ಸನ್ಯಾಸಿ ದಣಿ. ಉಳಿದದ್ದು ಒಂದೇ ಕಾಯಿ, ಒಬ್ಬನೇ ಮನುಷ್ಯ.

ಭಾವ.

ಅಕ್ಕನ ಗಂಡ, ಇದೇ ಆಫೀಸಿನವನು. ಈ ಕೆಲಸ ಕೊಡಿಸಿದವನು, ದಿನಾ ಸ್ಕೂಟರಿನಲ್ಲಿ ಕರೆತಂದು ಕರೆದೊಯ್ಯುವವನು. ಅವಳ ಬಾಯಿಂದ ಕೇಳಿ ಕೇಳಿ ಇಡೀ ಆಫೀಸೇ ಅವನನ್ನು ಭಾವ ಅನ್ನುತ್ತಿತ್ತು. "ಊರಿಗೆಲ್ಲ ಭಾವ, ನನಗೊಬ್ಬಳಿಗೆ ಗಂಡ" ಎಂದು ಅಕ್ಕ ನಗುತ್ತಿದ್ದಳು. ಅವತ್ತು ಮಂಜು ಒಂದು ಕೋಣೆಯಲ್ಲಿ, ಭಾವ ಪಕ್ಕದ ಕೋಣೆಯಲ್ಲಿ. ಬಾಗಿಲು ಮುಚ್ಚಿತ್ತು. ಫ್ಯಾನಿನ ಕಿರ್ ಕಿರ್ ಗೋಡೆಯಾಚೆಯಿಂದ ಕೇಳುತ್ತಲೇ ಇತ್ತು. ಫ್ಯಾನಿಗೆ ತಿರುಗಲು ಮನುಷ್ಯ ಬೇಕಿಲ್ಲವೆಂಬುದು ಈಗ ಹೊಳೆಯಿತು.

ಇನ್ನೊಂದೂ ಹೊಳೆಯಿತು. ಆಫೀಸಿನಲ್ಲಿ ಬಾಯಿ ಬಿಟ್ಟಿರಲಿಲ್ಲ, ನಿಜ. ಆದರೆ ಒಂದು ರಾತ್ರಿ ಊಟಕ್ಕೆ ಕೂತಾಗ, ಚಾಪೆ ಹಾಸಿ ಕಸ ಮುಚ್ಚಿದ ಕಥೆಯನ್ನು ಅಕ್ಕನಿಗೆ ಹೇಳಿ ನಗಿಸಿದ್ದಳು. ಎದುರಿಗೆ ಭಾವ ತಲೆ ತಗ್ಗಿಸಿ ಉಣ್ಣುತ್ತಿದ್ದ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಭಾವ ಯಾಕೆ..." ಮಂಜು ಕುರ್ಚಿಯನ್ನು ಪಕ್ಕಕ್ಕೆ ಸರಿಸಿದಳು. "ಅಣ್ಣನ ಕಂಡ್ರೆ ಅವರಿಗೇನು ದ್ವೇಷ ಸಾರ್?"

ದಣಿ ಕೈಯಿಂದ ಮುಖ ಒರೆಸಿಕೊಂಡ.

"ನಮ್ಮ ಎದುರಾಳಿ ಕಂಪನಿಯವರೂ ಮೇಜು ಮಾಡ್ತಿದಾರೆ. ಅವರ ನಕ್ಷೆ ಅಣ್ಣನ ಕಣ್ಣಿಗೆ ಬಿತ್ತು. ತಾನು ಬರೆದ ನಕ್ಷೇಲಿ ಎಲ್ಲೋ ಒಂದು ಕಡೆ ಮೆಟ್ಟಿಲು ತಲೆಕೆಳಗಾಗಿ ಹಾಕೋದು ಅವನ ಚಾಳಿ. ಅವರದರಲ್ಲೂ ಅದು ಹಾಗೇ ಇತ್ತಂತೆ. ಒಳಗಿನವರೇ ಯಾರೋ ಕದ್ದು ಕೊಟ್ಟಿದಾರೆ, ಯಾರು ಅಂತಾನೂ ಗೊತ್ತು, ಆಟ ಮುಗಿದ ಮೇಲೆ ಹೇಳ್ತೀನಿ ಅಂದಿದ್ದ. ಮೊದಲು ಅವನಿಗೇ ಒಂದು ಮಾತು ಕೇಳ್ಬೇಕು, ಸಂಸಾರಸ್ಥ, ಅಂದ."

"ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಮೇಜು ಮಾರುಕಟ್ಟೆಗೆ ಬರೋ ಮೊದಲೇ ಕಳುವಾಗಿದೆ ಅಂತ ಗೊತ್ತಾದ್ರೆ ನನ್ನ ಕಂಪನಿ ಮುಳುಗುತ್ತೆ. ಅದಕ್ಕೇ." ಅವನು ಎದ್ದ. "ಕತ್ತೆ ಅಂತ ಎಲ್ಲರಿಗೂ ಬೈತಿದ್ದೆ ನೋಡು, ನಾನೇ ಕತ್ತೆ. ಸ್ಟೇಷನ್ ಪಕ್ಕದ ಬೀದಿ. ನಾನು ಹೋಗಿ ಆ ಇನ್ಸ್‌ಪೆಕ್ಟರಮ್ಮನ್ನ ಕರ್ಕೊಂಡೇ ಬರ್ತೀನಿ. ನೀನು ಈ ಆಟದ ಪ್ರತಿ ತೆಗೆದಿಡು, ಅವನು ಮನೇಲಿ ಕೂತೇ ಅಳಿಸಿಬಿಟ್ಟಾನು. ಬಾಗಿಲು ಹಾಕ್ಕೋ."

"ಸಾರ್, ನನ್ನ ಅಕ್ಕ..."

"ಗೊತ್ತು," ಎಂದ ದಣಿ. ಬೇರೇನೂ ಹೇಳದೆ ಹೊರಗೆ ಹೋದ. ರಜೆಯ ದಿನ ಲಿಫ್ಟ್ ನಡೆಯುತ್ತಿರಲಿಲ್ಲ. ಮೆಟ್ಟಿಲಿಳಿಯುವ ಅವನ ಬೂಟಿನ ಸದ್ದು ಬಾಗಿಲು ಮುಚ್ಚಿಕೊಂಡೊಡನೆ ಮಂದವಾಯಿತು.

ಮಂಜು ಚಿಲಕ ಹಾಕಿದಳು. ಕಂಪ್ಯೂಟರನ್ನು ಪ್ರತಿ ತೆಗೆಯಲು ಹಚ್ಚಿ, ಅಕ್ಕನಿಗೆ ಫೋನ್ ಮಾಡಿದಳು.

"ಹೇಳೇ," ಎಂದಳು ಅಕ್ಕ. ನಲ್ಲಿಯ ನೀರು ಪಾತ್ರೆಗೆ ಬೀಳುತ್ತಿತ್ತು.

"ಅಕ್ಕಾ, ಅವತ್ತು ಭಾವನಿಗೆ ಚಹಾ ಕೊಟ್ಟೆ ಅಂದ್ಯಲ್ಲ ಪೊಲೀಸರ ಹತ್ರ. ಕೋಣೆ ಒಳಗೆ ಹೋಗಿ ಕೊಟ್ಯಾ?"

ನಲ್ಲಿ ನಿಂತಿತು.

"ಬಾಗಿಲು ತಟ್ಟಿದೆ. ತೆಗೀಲಿಲ್ಲ. ಕೆಲಸದಲ್ಲಿ ಮುಳುಗಿರ್ತಾರೆ ಅಂತ ಹೊರಗೇ ಇಟ್ಟು ಬಂದೆ."

"ಕುಡಿದಿದ್ರಾ?"

"ಕೆನೆ ಕಟ್ಟಿತ್ತು. ಸಂಜೆ ನಾನೇ ಚೆಲ್ಲಿದೆ."

"ಮತ್ತೆ ಕೈಗೇ ಕೊಟ್ಟೆ ಅಂತ ಯಾಕೆ ಹೇಳ್ದೆ?"

"ಅವರೇ ಹಾಗೆ ಹೇಳು ಅಂದ್ರು. ಸುಮ್ನೆ ಪೊಲೀಸರ ತಲೆನೋವು ಯಾಕೆ ಅಂತ." ಅಕ್ಕನ ದನಿ ತಗ್ಗಿತು. "ನೋಡು, ನನಗೇನೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋದೂ ಬೇಡ. ಆವತ್ತಿಂದ ಅವರು ನಿದ್ದೆ ಮಾಡಿಲ್ಲ. ನೀನು ಎಲ್ಲೂ ಬಾಯಿ ಬಿಡಬೇಡ ಕಣೇ. ನನ್ನ ಮೇಲೆ ಆಣೆ."

"ಅಕ್ಕಾ, ಸತ್ತಿದಾನೆ ಒಬ್ಬ."

"ನಾನು ಬದುಕಿದೀನಲ್ಲೇ. ನಾನು ಎಲ್ಲಿಗೆ ಹೋಗ್ಲಿ?"

 ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿ, ಓದಿಸಿ, ಮದುವೆಯಾದ ಮೇಲೂ ಜೊತೆಗೇ ಇಟ್ಟುಕೊಂಡ ಅಕ್ಕ. ಅವಳ ಗಂಡನ ಕೊರಳಿಗೆ ಹಗ್ಗ ಹಾಕಬೇಕಾದವಳು ತಾನು.

"ಭಾವನಿಗೆ ಕೊಡು," ಎಂದಳು ಕೊನೆಗೆ. ಅವನ ದನಿ ಕೇಳಿದರೆ ಏನಾದರೂ ತಿಳಿದೀತೆಂಬ ಆಸೆ.

"ಅಯ್ಯೋ, ಇನ್ನೂ ಬಂದಿಲ್ವಾ ಅಲ್ಲಿಗೆ? ಹೊರಟು ಎಷ್ಟೊತ್ತಾಯ್ತು! ಎಲ್ಲಿ ನಿನ್ನ ತಂಗಿ ಅಂದ್ರು, ಆಫೀಸಲ್ಲಿ ಅವತ್ತಿನ ಆಟ ಹಾಕ್ಕೊಂಡು ನೋಡ್ತಿದಾಳಂತೆ ಅಂದೆ. ತಟ್ಟೆ ಮುಂದಿಂದ ಅರ್ಧಕ್ಕೇ ಎದ್ದು ಹೋದ್ರು."

ಫೋನ್ ಯಾವಾಗ ನಿಲ್ಲಿಸಿದಳೋ ಅವಳಿಗೇ ಗೊತ್ತಾಗಲಿಲ್ಲ. ಕಿಟಕಿಗೆ ಹೋಗಿ ಬಗ್ಗಿದಳು. ಮೂರು ಮಹಡಿ ಕೆಳಗೆ, ಗೋಡೆಯ ನೆರಳಲ್ಲಿ, ಭಾವನ ಸ್ಕೂಟರ್ ನಿಂತಿತ್ತು. ಹಿಡಿಯಲ್ಲಿ ಅವಳ ಹೆಲ್ಮೆಟ್ ತೂಗುತ್ತಿತ್ತು.

ಅದರಾಚೆ ದಣಿಯ ಕಾರು. ಬಾಗಿಲು ಮುಚ್ಚಿಯೇ ಇತ್ತು. ಗೇಟಿನ ಬಳಿ ಯಾರೂ ಇರಲಿಲ್ಲ. ಬೀದಿಯಲ್ಲೂ ದಣಿ ಕಾಣಲಿಲ್ಲ. ಅಷ್ಟು ಹೊತ್ತು ಮಾತಾಡಿದ್ದಾಳೆ, ಮೂರು ಮಹಡಿ ಇಳಿಯಲು ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕು?

ಕಾದಳು. ದಣಿ ಹೊರಗೆ ಬರಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬೂಟಿನದಲ್ಲ, ಚಪ್ಪಲಿಯದು. ಅವಸರವಿಲ್ಲದೆ ಹತ್ತಿ ಬರುತ್ತಿತ್ತು.

ಮಂಜು ಫೋನ್ ಎತ್ತಿ ಇನ್ಸ್‌ಪೆಕ್ಟರಮ್ಮನಿಗೆ ಬರೆದಳು: "ಮೇಡಂ, ನಾನು ಸಹಿ ಹಾಕಿದ್ದು ತಪ್ಪು. ಕಮ್ಮಾರನ ಕುರ್ಚಿ ಖಾಲಿ ಇತ್ತು. ಅಲ್ಲಿ ಇರಬೇಕಾದವರು ನನ್ನ ಭಾವ. ಈಗ ಆಫೀಸಿಗೆ ಬಂದಿದ್ದಾರೆ." ಬೆರಳು ಗಾಳಿಯಲ್ಲೇ ನಿಂತಿತು. ನಾನು ಎಲ್ಲಿಗೆ ಹೋಗ್ಲಿ ಎಂದ ಅಕ್ಕನ ದನಿ ಕಿವಿಯಲ್ಲೇ ಇತ್ತು. ಹೆಜ್ಜೆ ಕೊನೆಯ ತಿರುವಿಗೆ ಬಂತು.

ಕಣ್ಣು ಮುಚ್ಚಿ ಒತ್ತಿದಳು. ಹೋಯಿತು.

ಹೆಜ್ಜೆ ಬಾಗಿಲ ಮುಂದೆ ನಿಂತಿತು. ಹಿಡಿ ಒಮ್ಮೆ ತಿರುಗಿ, ಚಿಲಕಕ್ಕೆ ತಗುಲಿ ವಾಪಸಾಯಿತು.

"ಮಂಜೂ," ಎಂದ ಭಾವ. ದಿನಾ ಸಂಜೆ ಕರೆಯುವ ಅದೇ ದನಿ, ಸ್ವಲ್ಪ ಏದುಸಿರು ಅಷ್ಟೇ. "ಬಾಗಿಲು ಯಾಕೆ ಹಾಕಿದೀಯೇ? ಬೇಗ ತೆಗಿ. ನಿಮ್ಮ ದಣಿ ಮೆಟ್ಟಿಲಿಂದ ಬಿದ್ದುಬಿಟ್ಟಿದಾರೆ. ಇನ್ನೂ ಉಸಿರಿದೆ. ನನ್ನೊಬ್ಬನ ಕೈಲಿ ಎತ್ತೋಕಾಗ್ತಿಲ್ಲ, ಬಾ, ನೀನೂ ಒಂದು ಕೈ ಹಿಡಿ."

ಅವಳು ಬಾಗಿಲಿಗೆ ಕಿವಿಯಿಟ್ಟಳು.

ಭಾವ ಸುಳ್ಳು ಹೇಳಿರಲಿಲ್ಲ. ಕೆಳಗೆ, ಎರಡನೆಯ ಮಹಡಿಯ ತಿರುವಿನಲ್ಲೆಲ್ಲೋ, ಯಾರೋ ನರಳುತ್ತಿದ್ದರು. ನರಳಾಟದ ನಡುವೆ ಒಂದೇ ಮಾತು ಮತ್ತೆ ಮತ್ತೆ ಕೇಳಿಸಿತು.

"ತೆಗೀಬೇಡ... ತೆಗೀಬೇಡ..."

"ಕೇಳಿಸ್ತಾ?" ಎಂದ ಭಾವ, ಬಾಗಿಲಿಗೆ ಇನ್ನಷ್ಟು ಹತ್ತಿರ ಬಂದು. "ನೀನು ತೆಗೀಲಿಲ್ಲ ಅಂದ್ರೆ ನಾನು ಮತ್ತೆ ಕೆಳಗೆ ಹೋಗ್ತೀನಿ."